ಚಿತ್ತು-ಕಾಟಿನ ಪುಟ ತರಗತಿಗೆ ಬಂದರೆ: ಸಾಹಿತ್ಯ ಆರ್ಕೈವ್ ಬಗ್ಗೆ ನಿಮ್ಮ ಅನುಭವ ಹೇಳಿ

ಕರಡುಪ್ರತಿ:

ಎಲ್ಲರಿಗೂ ನಮಸ್ಕಾರ. ನಾನು ಸಾಹಿತ್ಯ ಪಾಠ ಮಾಡುವವಳು. ಹತ್ತೊಂಬತ್ತು ವರ್ಷ ಆಯಿತು. ಅದರಲ್ಲಿ ಮೊದಲ ಹದಿನೈದು ವರ್ಷ ಮಕ್ಕಳಿಗೆ ಒಂದೇ ಒಂದು ಹಸ್ತಪ್ರತಿ ತೋರಿಸಿರಲಿಲ್ಲ. ತೋರಿಸಬೇಕು ಅಂತ ಹೊಳೆದೂ ಇರಲಿಲ್ಲ. ಕರಡು, ಪತ್ರ, ಡೈರಿ, ಪ್ರೂಫ್ ಹಾಳೆ ಇವೆಲ್ಲ ಪಿಎಚ್‌ಡಿ ಮಾಡುವವರ ಪಾಲಿನವು, ತರಗತಿಗೆ ಅಚ್ಚಾದ ಪುಸ್ತಕ ಸಾಕು ಅಂದುಕೊಂಡಿದ್ದೆ.

ಆಮೇಲೆ ಒಂದು ಸಲ ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ಪಾಠಕ್ಕೆ ಪುಸ್ತಕವನ್ನೇ ತೆಗೆಯಲಿಲ್ಲ. ಅವರ ಕೈಬರಹದ ಒಂದು ಪುಟವನ್ನು ಪರದೆ ಮೇಲೆ ಹಾಕಿ ಸುಮ್ಮನೆ ನಿಂತೆ. ಹತ್ತು ನಿಮಿಷ ಯಾರೂ ಮಾತಾಡಬೇಡಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳಿ ಅಂದೆ. ಅಲ್ಲಲ್ಲಿ ಸಣ್ಣ ಗೀಟು, ಪದಗಳ ನಡುವೆ ಅಗಲವಾದ ಜಾಗ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಆ ಪದದ ಹತ್ತಿರ ಕೂಡಿಸುವ ಗುರುತು ಯಾಕಿದೆ?"

ಅದೇ ಗುರುತು ಪುಟದ ಕೆಳಗೂ ಇತ್ತು. ಅದರ ಮುಂದೆ ಬೇರೆ ಪದ. ಅಂದರೆ ಇದೂ ಆಗಬಹುದು, ಅದೂ ಆಗಬಹುದು. ಮೊದಲಿನ ಪದಕ್ಕೆ ಕಾಟು ಹೊಡೆದಿಲ್ಲ. ಎರಡೂ ಉಳಿದಿವೆ. "ಹಾಗಾದ್ರೆ ಸರಿಯಾದ ಪದ ಯಾವುದು?" ಅಂತ ಒಬ್ಬ ಕೇಳಿದ. "ಪುಸ್ತಕದಲ್ಲಿ ಇರೋ ಪದವನ್ನು ಆರಿಸಿದ್ದು ಯಾರು?" ಅಂತ ಇನ್ನೊಬ್ಬಳು. ಆ ಎರಡನೇ ಪ್ರಶ್ನೆಗೇ ಒಂದು ವಾರ ಹಿಡಿಯಿತು.

ಉತ್ತರ ಉದ್ದವಿದೆ. ಡಿಕಿನ್ಸನ್ 1886ರಲ್ಲಿ ತೀರಿಕೊಂಡಾಗ ಸುಮಾರು 1,800 ಕವಿತೆ ಬಿಟ್ಟು ಹೋದರು. ಅದರಲ್ಲಿ ಎಷ್ಟೋ ಕವಿತೆಗಳು ಅವರೇ ದಾರ ಹಾಕಿ ಹೊಲಿದ 40 ಸಣ್ಣ ಕಟ್ಟುಗಳಲ್ಲಿದ್ದವು. 1890ರಲ್ಲಿ ಮೊದಲ ಪುಸ್ತಕ ಬಂತು. ಸಂಪಾದಕರು ಕವಿತೆಗಳಿಗೆ ಶೀರ್ಷಿಕೆ ಕೊಟ್ಟರು, ಗೀಟುಗಳನ್ನು ತೆಗೆದರು, ಪ್ರಾಸ ಸರಿ ಮಾಡಿದರು. ಪಾಠಾಂತರಗಳ (ಅಂದರೆ ಒಂದೇ ಜಾಗಕ್ಕೆ ಇರುವ ಬೇರೆ ಬೇರೆ ಪದಗಳ) ಸಮೇತ ಎಲ್ಲ ಕವಿತೆಗಳು ಒಟ್ಟಿಗೆ ಬಂದದ್ದು 1955ರಲ್ಲಿ. ಆ ಕಟ್ಟುಗಳ ಪುಟಗಳ ಫೋಟೋ ಪ್ರತಿ ಬಂದದ್ದು 1981ರಲ್ಲಿ. 2013ರಿಂದ ಹಸ್ತಪ್ರತಿಗಳ ಚಿತ್ರಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತಿವೆ. ಕವಿ ಒಬ್ಬರೇ. ಆದರೆ ನಮ್ಮ ಅಜ್ಜಿಯಂದಿರ ಕಾಲದವರು ಓದಿದ ಡಿಕಿನ್ಸನ್ ಬೇರೆ, ಈಗಿನ ಮಕ್ಕಳು ಓದುತ್ತಿರುವ ಡಿಕಿನ್ಸನ್ ಬೇರೆ.

ಅವರು ಬದುಕಿದ್ದಾಗಲೇ ನಡೆದ ಒಂದು ಸಂಗತಿಯನ್ನೂ ಹೇಳಿದೆ. 1866ರಲ್ಲಿ ಅವರ ಹಾವಿನ ಕವಿತೆ ಒಂದು ಪತ್ರಿಕೆಯಲ್ಲಿ ಅವರನ್ನು ಕೇಳದೆಯೇ ಅಚ್ಚಾಯಿತು. ಮೂರನೇ ಸಾಲಿನ ಕೊನೆಗೆ ಪತ್ರಿಕೆಯವರು ಒಂದು ವಿರಾಮ ಚಿಹ್ನೆ ಸೇರಿಸಿದ್ದರು. ಮೂರು, ನಾಲ್ಕನೇ ಸಾಲು ಒಂದೇ ಉಸಿರಿನವು, ಚಿಹ್ನೆಯಿಂದ ಮೂರನೇ ಸಾಲು ಸೋತಿತು ಅಂತ ಡಿಕಿನ್ಸನ್ ಪತ್ರ ಬರೆದು ನೊಂದುಕೊಂಡರು. ಒಂದು ಚಿಹ್ನೆಗೆ! ಮಕ್ಕಳು ಎರಡೂ ರೀತಿ ಜೋರಾಗಿ ಓದಿ ನೋಡಿದರು. ವ್ಯತ್ಯಾಸ ಕಿವಿಗೇ ಕೇಳಿಸಿತು.

ಈಗ ನನ್ನ ಮಾತಿಗೆ ಬರುತ್ತೇನೆ. ಮೊದಲು ವಿದ್ವಾಂಸರು ಆರ್ಕೈವ್‌ಗೆ, ಅಂದರೆ ಲೇಖಕರ ಕಾಗದಪತ್ರ ಕೂಡಿಟ್ಟ ಜಾಗಕ್ಕೆ, ಹೋಗುತ್ತಿದ್ದದ್ದು ವಾದ ಮುಗಿಸಲು. ಮೂಲದಲ್ಲಿ ಹೀಗಿದೆ ಅಂದರೆ ಮುಗೀತು. ಈಗ ಅದು ಪ್ರಶ್ನೆ ಹುಟ್ಟಿಸುವ ಜಾಗ ಆಗಿದೆ. ಅಂಥ ಜಾಗಕ್ಕೆ ಪದವಿ ಮೊದಲ ವರ್ಷದ ಮಕ್ಕಳೇ ಮೊದಲು ಹೋಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಕವಿತೆಯ ಅರ್ಥ ಹೇಳಿಸಿಕೊಳ್ಳುವ ಮುಂಚೆ ಕರಡು ನೋಡಬೇಕು. ನೀವೆಲ್ಲ ಏನಂತೀರಿ?

ಹಳೇಕಾಗದ:

ಮೇಡಂ, ನಾನು ಮೇಜಿನ ಈಚೆ ಕಡೆಯವನು. ಒಂದು ಸಾಹಿತ್ಯ ಸಂಗ್ರಹದಲ್ಲಿ ಇಪ್ಪತ್ತೆರಡು ವರ್ಷದಿಂದ ಪೆಟ್ಟಿಗೆ ತೆರೆದು ಕೊಡುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಬರಹ ಓದಿ ತುಂಬಾ ಖುಷಿಯಾಯಿತು.

ಲೇಖಕರ ಕಾಗದಪತ್ರಕ್ಕೆ ಒಂದು ಮನೆ ಬೇಕು ಅನ್ನುವ ಯೋಚನೆ ತೀರಾ ಹಳೆಯದಲ್ಲ. ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೋ 1881ರಲ್ಲಿ ತನ್ನ ಹಸ್ತಪ್ರತಿಗಳೆಲ್ಲ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಬೇಕು ಅಂತ ಉಯಿಲಿನಲ್ಲಿ ಬರೆದರು. 1885ರಲ್ಲಿ ಜರ್ಮನ್ ಕವಿ ಗಯಟೆಯ ಮೊಮ್ಮಗ ತೀರಿಕೊಂಡಾಗ ಮನೆಯ ಕಾಗದಗಳೆಲ್ಲ ಜರ್ಮನಿಯ ವೈಮಾರ್‌ನ ಗ್ರ್ಯಾಂಡ್ ಡಚೆಸ್ ಸೋಫಿಯ ಕೈಗೆ ಬಂದವು. ಅಲ್ಲಿ ಆರ್ಕೈವ್ ಶುರುವಾಯಿತು. 1889ರಲ್ಲಿ ದಾರ್ಶನಿಕ ವಿಲ್ಹೆಲ್ಮ್ ಡಿಲ್ತೇ, ಸರ್ಕಾರಿ ದಾಖಲೆಗಳಿಗೆ ಇರುವ ಹಾಗೆ ಸಾಹಿತ್ಯಕ್ಕೂ ಬೇರೆ ಆರ್ಕೈವ್ ಬೇಕು ಅಂತ ವಾದಿಸಿದರು. ಆಗ ಬರುತ್ತಿದ್ದವರು ಸಮಗ್ರ ಸಂಪುಟ ತರುವವರು, ಜೀವನಚರಿತ್ರೆ ಬರೆಯುವವರು. ಅಷ್ಟೇ.

ನಾನು ಕೆಲಸಕ್ಕೆ ಸೇರಿದಾಗಲೂ ಹೆಚ್ಚುಕಡಿಮೆ ಹಾಗೇ ಇತ್ತು. ಶಿಫಾರಸು ಪತ್ರ ಹಿಡಿದು ಒಬ್ಬೊಬ್ಬರೇ ಬರುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಮಾತಿಲ್ಲ. ಈಗ ವಾರಕ್ಕೆ ಎರಡು ತರಗತಿ ಬರುತ್ತವೆ, ಒಂದೊಂದರಲ್ಲಿ ಮೂವತ್ತು ಜನ. ಪೆನ್ನು ಹೊರಗಿಡಿ, ಪೆನ್ಸಿಲ್ ಮಾತ್ರ ಅಂದಾಗಲೇ ಅವರ ಮುಖ ಬದಲಾಗುತ್ತದೆ. ಹಾಳೆ ಹೇಗೆ ಎತ್ತಬೇಕು ಅಂತ ತೋರಿಸುತ್ತೇನೆ. ಮೊದಲ ಹಾಳೆ ಮುಟ್ಟುವಾಗ ಎಲ್ಲರೂ ಉಸಿರು ಬಿಗಿ ಹಿಡಿಯುತ್ತಾರೆ.

ಕವಿ ಫಿಲಿಪ್ ಲಾರ್ಕಿನ್ ವೃತ್ತಿಯಲ್ಲಿ ಗ್ರಂಥಪಾಲಕರಾಗಿದ್ದರು, ಗೊತ್ತಲ್ವಾ. ಹಸ್ತಪ್ರತಿಗೆ ಎರಡು ಬೆಲೆ ಇದೆ ಅಂತ 1979ರಲ್ಲಿ ಹೇಳಿದರು. ಒಂದು ಮಾಯೆಯ ಬೆಲೆ: ಇದೇ ಹಾಳೆಯ ಮೇಲೆ ಅವರ ಕೈ ಓಡಾಡಿತ್ತು ಅನ್ನುವುದು. ಇನ್ನೊಂದು ಅರ್ಥದ ಬೆಲೆ: ಕೃತಿ ಹೇಗೆ ಹುಟ್ಟಿತು ಅಂತ ತಿಳಿಸುವುದು. ಮಕ್ಕಳು ಮೊದಲನೆಯದಕ್ಕೆ ಮರುಳಾಗುತ್ತಾರೆ. ಅವರನ್ನು ಎರಡನೆಯದಕ್ಕೆ ಕರೆದೊಯ್ಯುವುದು ಮೇಷ್ಟ್ರ ಕೆಲಸ. ಬಂದು ಫೋಟೋ ತೆಗೆದು ಹೋಗಿಬಿಟ್ಟರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ಮಾತು. ಪೆಟ್ಟಿಗೆ ತಾನಾಗಿ ಜೋಡಣೆ ಆಗಿರುವುದಿಲ್ಲ. ಯಾವ ಹಾಳೆ ಯಾವ ಫೋಲ್ಡರಿಗೆ, ಅದನ್ನು ಪಟ್ಟಿಯಲ್ಲಿ ಏನಂತ ಬರೆಯಬೇಕು ಅಂತ ಒಬ್ಬರು ಕೂತು ತೀರ್ಮಾನ ಮಾಡಿರುತ್ತಾರೆ. ಸಂಶೋಧನಾ ಲೇಖನಗಳಲ್ಲಿ ಆ ಕೆಲಸದ ಹೆಸರೇ ಬರುವುದಿಲ್ಲ.

ಎರಡನೇಸೆಮಿಸ್ಟರ್:

ನಾನು ವಿದ್ಯಾರ್ಥಿ. ನಮ್ಮ ತರಗತಿಯಲ್ಲೂ ಒಮ್ಮೆ ಕರಡು ತೋರಿಸಿದ್ದರು. ನಿಜ ಹೇಳಬೇಕೆಂದರೆ ನನಗೆ ಅದರಿಂದ ಧೈರ್ಯ ಬಂತು. ದೊಡ್ಡ ಲೇಖಕರೂ ಒಂದು ಸಾಲನ್ನು ನಾಲ್ಕು ಸಲ ಕೆಡಿಸಿ ಬರೆದಿದ್ದರು. ಅಲ್ಲಿಯವರೆಗೆ ನನ್ನ ಬರಹದ ಮೇಲೆ ಚಿತ್ತು ಬಿದ್ದರೆ ಹಾಳೆಯನ್ನೇ ಹರಿದು ಹಾಕುತ್ತಿದ್ದೆ.

ಪಾಠಾಂತರ:

ಕರಡುಪ್ರತಿ ಅವರೇ, ನಿಮ್ಮ ಉತ್ಸಾಹಕ್ಕೆ ಗೌರವ ಇದೆ. ಆದರೆ ಒಂದು ವಿಷಯದಲ್ಲಿ ಒಪ್ಪಲಾರೆ.

ನಾನು ಗ್ರಂಥ ಸಂಪಾದನೆ ಕಲಿತವನು. ನಮ್ಮ ಗುರುಗಳ ಕಾಲದಲ್ಲಿ ಕೆಲಸ ಒಂದೇ. ಇರುವ ಪ್ರತಿಗಳನ್ನೆಲ್ಲ ಹೋಲಿಸಿ, ನಕಲು ಮಾಡಿದವರ ತಪ್ಪು ಕಳೆದು, ಕವಿಯ ಪಾಠಕ್ಕೆ ಆದಷ್ಟು ಹತ್ತಿರ ಹೋಗುವುದು. ಉಳಿದ ಪಾಠಾಂತರ ಅಡಿಟಿಪ್ಪಣಿಗೆ. ಫ್ರಾನ್ಸಿನಲ್ಲಿ ಇದನ್ನು ತಿರುವಿ ಹಾಕಿದರು. 1966ರಲ್ಲಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಜರ್ಮನ್ ಕವಿ ಹೈನೆಯ ಹಸ್ತಪ್ರತಿಗಳನ್ನು ಕೊಂಡಿತು. ಅವನ್ನು ಓದಲು ಕೂತವರಿಂದ ಒಂದು ಹೊಸ ದಾರಿಯೇ ಹುಟ್ಟಿತು. ಅವರಿಗೆ ಬೇಕಿದ್ದದ್ದು ಕೊನೆಯ ಪಾಠವಲ್ಲ, ಬರವಣಿಗೆ ನಡೆದ ದಾರಿ. ಕರಡು ಅಂದರೆ ತಪ್ಪುಗಳ ರಾಶಿ ಅಲ್ಲ, ಕೆಲಸದ ಗುರುತು ಅಂದರು.

ಇದರ ಫಲ ನಾನೇ ಉಂಡಿದ್ದೇನೆ. ಫ್ರೆಂಚ್ ಲೇಖಕ ಫ್ಲೋಬೇರನ ಮದಾಂ ಬೊವಾರಿ ಕಾದಂಬರಿಯ ಕರಡುಗಳು ರುವಾನ್ ನಗರದ ಗ್ರಂಥಾಲಯದಲ್ಲಿವೆ. ಸುಮಾರು 4,500 ಪುಟ. ಊರೂರಿನ ಸ್ವಯಂಸೇವಕರು ಸೇರಿ ಅದನ್ನೆಲ್ಲ ಓದಿ ಅಕ್ಷರಕ್ಕೆ ಇಳಿಸಿದರು. 2009ರಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಅಚ್ಚಿನಲ್ಲಿ ಅರ್ಧ ಪುಟ ಇರುವ ಒಂದು ವರ್ಣನೆ ಕರಡಿನಲ್ಲಿ ಎಷ್ಟು ಸಲ ಹಿಗ್ಗಿ ಕುಗ್ಗಿದೆ ಅಂತ ನೋಡುತ್ತಾ ಒಂದು ರಾತ್ರಿ ಪೂರ್ತಿ ಕೂತಿದ್ದೆ.

ನನ್ನ ತಕರಾರು ಇಷ್ಟು. ಕರಡು ಮೊದಲು, ಕೃತಿ ಆಮೇಲೆ ಅಂದರೆ ಕೃತಿಯೇ ಕಳೆದುಹೋಗುತ್ತದೆ. ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟ್ ಅವರ ದಿ ವೇಸ್ಟ್ ಲ್ಯಾಂಡ್ ಕವಿತೆ ತೆಗೆದುಕೊಳ್ಳಿ. ಎಲಿಯಟ್ 1922ರಲ್ಲಿ ಅದರ ಕರಡುಗಳನ್ನು ನ್ಯೂಯಾರ್ಕಿನ ವಕೀಲ ಜಾನ್ ಕ್ವಿನ್‌ಗೆ ಕಳಿಸಿದರು. ಎರಡು ವರ್ಷಕ್ಕೆ ಕ್ವಿನ್ ತೀರಿಕೊಂಡರು, ಕಟ್ಟು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಾಗಲಿಲ್ಲ. 1958ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಸಂಗ್ರಹವೊಂದು ಅದನ್ನು ಕೊಂಡಿತು. ಹೊರಗೆ ತಿಳಿಸಿದ್ದು 1968ರಲ್ಲಿ. ಅಷ್ಟು ಹೊತ್ತಿಗೆ ಎಲಿಯಟ್ ತೀರಿಕೊಂಡು ಮೂರು ವರ್ಷ ಆಗಿತ್ತು. 1971ರಲ್ಲಿ ಫೋಟೋ ಪ್ರತಿ ಅಚ್ಚಾದಾಗ ಅವರ ಗೆಳೆಯ, ಕವಿ ಎಜ್ರಾ ಪೌಂಡ್ ಪುಟಗಟ್ಟಲೆ ಕಾಟು ಹೊಡೆದದ್ದು ಎಲ್ಲರಿಗೂ ಕಂಡಿತು. ಆಮೇಲೆ ಏನಾಯಿತು? ಎಷ್ಟೋ ತರಗತಿಗಳಲ್ಲಿ ಕವಿತೆ ಓದುವ ಬದಲು ಪೌಂಡ್ ಏನು ಕತ್ತರಿಸಿದರು ಅನ್ನುವುದೇ ಪಾಠ ಆಯಿತು. ಸುಮಾರು ಐವತ್ತು ವರ್ಷ ಆ ಕರಡಿಲ್ಲದೆಯೇ ಓದುಗರು ಆ ಕವಿತೆಯನ್ನು ಪ್ರೀತಿಸಿದ್ದರಲ್ಲ?

ಕರಡುಪ್ರತಿ:

ಪಾಠಾಂತರ ಸರ್, ಒಳ್ಳೆಯ ಪ್ರಶ್ನೆ. ಅರ್ಧ ಒಪ್ಪುತ್ತೇನೆ. ಎಲಿಯಟ್ ವಿಷಯದಲ್ಲಿ ನಾನೂ ಮೊದಲು ಕವಿತೆಯನ್ನೇ ಓದಿಸುತ್ತೇನೆ, ಎರಡು ಸಲ. ಅಲ್ಲಿ ಕವಿ ತಾವೇ ಪುಸ್ತಕ ತಂದರು, ಇದೇ ನನ್ನ ಕವಿತೆ ಅಂದರು. ಡಿಕಿನ್ಸನ್ ಹಾಗೆ ಹೇಳಲೇ ಇಲ್ಲ. ಅವರ ಕವಿತೆಗಳನ್ನು ಅಚ್ಚಿನಿಂದ ಶುರು ಮಾಡಿದರೆ ಸಂಪಾದಕರ ತೀರ್ಮಾನವನ್ನೇ ಕವಿಯ ತೀರ್ಮಾನ ಅಂತ ಕಲಿಸಿದ ಹಾಗೆ ಆಗುತ್ತದೆ. ಹಾಗಾಗಿ "ಯಾವಾಗಲೂ ಕರಡು ಮೊದಲು" ಅನ್ನುವ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಕೃತಿಗೆ ತಕ್ಕ ಹಾಗೆ ಮೇಷ್ಟ್ರು ನಿರ್ಧಾರ ಮಾಡಬೇಕು.

ದೂರದಓದುಗ:

ಇಲ್ಲಿ ಎಲ್ಲರೂ ಪೆಟ್ಟಿಗೆ ಎದುರಿಗೆ ಇದೆ ಅಂತಲೇ ಮಾತಾಡುತ್ತಿದ್ದೀರಿ. ನನಗೆ ಅದೇ ನೋವು. ನಾನು ಸಂಶೋಧನೆಗೆ ಆರಿಸಿಕೊಂಡ ಲೇಖಕರ ಕಾಗದಗಳು ನಾನು ಯಾವತ್ತೂ ಹೋಗಲಾರದ ಊರಿನಲ್ಲಿವೆ. ಮೂರು ಪುಟದ ನಕಲು ಕೇಳಿ ಬರೆದೆ. ಏಳು ತಿಂಗಳಾದ ಮೇಲೆ ಉತ್ತರ ಬಂತು. ಆಗ ಪ್ರಬಂಧ ಒಪ್ಪಿಸಿ ಆಗಿತ್ತು.

ಕಾಗದ ಎಲ್ಲಿಗೆ ಹೋಗುತ್ತದೆ ಅನ್ನುವುದು ಸಣ್ಣ ವಿಷಯ ಅಲ್ಲ. ಕಾದಂಬರಿಕಾರ ಗಾರ್ಸಿಯಾ ಮಾರ್ಕ್ವೆಜ್ ಕೊಲಂಬಿಯಾದವರು, ಬಾಳಿದ್ದು ಹೆಚ್ಚಾಗಿ ಮೆಕ್ಸಿಕೋದಲ್ಲಿ. ಅವರ ಕಾಗದಗಳನ್ನು 2014ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಸೆಂಟರ್ ಕೊಂಡಿತು. ಕೊಲಂಬಿಯಾದಲ್ಲಿ ತುಂಬಾ ಜನ ಬೇಸರಪಟ್ಟರು. ಜರ್ಮನ್ ಭಾಷೆಯ ಲೇಖಕ ಕಾಫ್ಕಾ ಅವರ ಕಾಗದಗಳ ಕಥೆ ಇನ್ನೂ ದೊಡ್ಡದು. ನನ್ನ ಬರಹಗಳನ್ನು ಸುಟ್ಟುಹಾಕು ಅಂತ ಗೆಳೆಯ ಮಾಕ್ಸ್ ಬ್ರೋಡ್‌ಗೆ ಹೇಳಿ 1924ರಲ್ಲಿ ತೀರಿಕೊಂಡರು. ಬ್ರೋಡ್ ಸುಡಲಿಲ್ಲ. 1939ರಲ್ಲಿ ಪ್ರಾಗ್ ಬಿಟ್ಟು ಓಡುವಾಗ ಸೂಟ್‌ಕೇಸಿನಲ್ಲಿ ಹೊತ್ತೊಯ್ದರು. ಇವತ್ತು ಹೆಚ್ಚಿನ ಪಾಲು ಆಕ್ಸ್‌ಫರ್ಡಿನಲ್ಲಿದೆ, ಒಂದು ಕಾದಂಬರಿಯ ಹಸ್ತಪ್ರತಿ ಜರ್ಮನಿಯ ಮಾರ್ಬಾಕ್‌ನಲ್ಲಿದೆ. ಉಳಿದದ್ದಕ್ಕೆ ವರ್ಷಗಟ್ಟಲೆ ಕೋರ್ಟಿನಲ್ಲಿ ಜಗಳ ನಡೆದು, 2016ರ ತೀರ್ಪಿನ ಮೇಲೆ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಯಿತು. ಬರೆದವರು ಪ್ರಾಗ್‌ನವರು. ಪ್ರಾಗ್‌ನ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು?

ಚಿತ್ರ ತೆಗೆದು ಅಂತರ್ಜಾಲಕ್ಕೆ ಹಾಕಿದರೆ ನನ್ನಂಥವರಿಗೆ ಉಸಿರು ಬಂದ ಹಾಗೆ ಆಗುತ್ತದೆ. ಮಾರ್ಕ್ವೆಜ್ ಕಾಗದಗಳ 27,000ಕ್ಕೂ ಹೆಚ್ಚು ಚಿತ್ರಗಳನ್ನು 2017ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಆವತ್ತು ರಾತ್ರಿ ನಾನು ಫೋನಿನಲ್ಲೇ ಟೈಪ್ ಮಾಡಿದ ಹಾಳೆಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಪಕ್ಕದಲ್ಲಿ ಪೆನ್ನಿನ ತಿದ್ದುಪಡಿ. ಕಣ್ಣು ತುಂಬಿ ಬಂತು. ಅದಕ್ಕೇ ಹೇಳುತ್ತೇನೆ, ಚಿತ್ರ ನೋಡಿದರೆ ಮೂಲ ನೋಡಿದ ಹಾಗಲ್ಲ ಅನ್ನುವವರು ಒಮ್ಮೆ ನಮ್ಮ ಜಾಗದಲ್ಲಿ ನಿಂತು ಮಾತಾಡಲಿ.

ಹಳೇಕಾಗದ:

ದೂರದಓದುಗ ಅವರೇ, ನಿಮ್ಮ ಮಾತು ತಟ್ಟಿತು. ಏಳು ತಿಂಗಳು ಕಾಯಿಸಿದ್ದು ತಪ್ಪು. ನಮ್ಮ ಕಡೆಯೂ ಹೀಗಾಗುತ್ತದೆ. ಬಂದ ಪೆಟ್ಟಿಗೆಗಳೇ ವರ್ಷಗಟ್ಟಲೆ ಹಾಗೇ ಕೂತಿರುತ್ತವೆ, ಕೆಲಸಕ್ಕೆ ಜನ ಕಡಿಮೆ. ಎಲ್ಲ ಹಾಳೆಯನ್ನೂ ಸೂಕ್ಷ್ಮವಾಗಿ ಜೋಡಿಸುವ ತನಕ ಬಾಗಿಲು ಹಾಕಿಕೊಂಡಿರಬೇಡಿ, ಒರಟು ಪಟ್ಟಿ ಮಾಡಿಯಾದರೂ ಮೊದಲು ಓದುಗರಿಗೆ ಬಿಡಿ ಅಂತ ಅಮೆರಿಕದ ಇಬ್ಬರು ಆರ್ಕೈವ್ ತಜ್ಞರು 2005ರಲ್ಲೇ ಬರೆದಿದ್ದರು. ನಾವು ಅದನ್ನು ಪಾಲಿಸಲು ಶುರು ಮಾಡಿದ ಮೇಲೆ ಕಾಯುವವರ ಸಂಖ್ಯೆ ನಿಜವಾಗಿಯೂ ಕಡಿಮೆಯಾಗಿದೆ.

ಚಿತ್ರದಲ್ಲಿ ಕಾಣದ್ದು ಏನು ಅಂತ ಹೇಳಿಬಿಡುತ್ತೇನೆ, ಜಗಳಕ್ಕಲ್ಲ. ಹಾಳೆಯ ದಪ್ಪ. ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ನೀರ್ಗುರುತು. ದಾರ ಹೊಲಿದ ತೂತು. ಹಾಳೆಗಳ ಕ್ರಮವೇ ಕಳೆದುಹೋದಾಗ, ಯಾವ ಪುಟ ಯಾವುದರ ಮುಂದಿತ್ತು ಅಂತ ಹುಡುಕಲು ಎಷ್ಟೋ ಸಲ ಸೂಜಿಯ ತೂತು, ಮಸಿಯ ಕಲೆಗಳೇ ಸಹಾಯಕ್ಕೆ ಬಂದಿವೆ. ಅದನ್ನೂ ಪಟ್ಟಿಯಲ್ಲಿ ಬರೆದು ಕೊಡುವುದು ನಮ್ಮ ಜವಾಬ್ದಾರಿ. ಆಗ ದೂರದವರಿಗೂ ಸಿಗುತ್ತದೆ.

ಫ್ಲಾಪಿಯಿಂದ:

ಕಾಗದ ಇಲ್ಲದ ಲೇಖಕರ ಬಗ್ಗೆ ಯಾರೂ ಮಾತಾಡಲಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಬರುವ ಪೆಟ್ಟಿಗೆಗಳಲ್ಲಿ ಇರುವುದು ಲ್ಯಾಪ್‌ಟಾಪ್, ಪೆನ್‌ಡ್ರೈವ್, ಇಮೇಲ್ ಪಾಸ್‌ವರ್ಡ್.

ಕಾದಂಬರಿಕಾರ ಸಲ್ಮಾನ್ ರಶ್ದಿ ಅವರ ಸಂಗ್ರಹ ಅಮೆರಿಕದ ಎಮೊರಿ ವಿಶ್ವವಿದ್ಯಾಲಯಕ್ಕೆ ಬಂದಾಗ ಅದರಲ್ಲಿ ಹಳೆಯ ಮ್ಯಾಕ್ ಕಂಪ್ಯೂಟರುಗಳೂ ಇದ್ದವು. 2010ರಲ್ಲಿ ಓದುಗರಿಗೆ ತೆರೆದಾಗ ಅಲ್ಲಿನವರು ಬರೀ ಫೈಲ್ ಕೊಡಲಿಲ್ಲ. ಆ ಹಳೆಯ ಕಂಪ್ಯೂಟರಿನ ಪರದೆಯನ್ನೇ ಇದ್ದ ಹಾಗೆ ಹೊಸ ಯಂತ್ರದಲ್ಲಿ ಓಡುವಂತೆ ಮಾಡಿದರು. ಲೇಖಕರು ಯಾವ ಫೋಲ್ಡರಿನಲ್ಲಿ ಏನಿಟ್ಟಿದ್ದರು, ಯಾವ ತಂತ್ರಾಂಶದಲ್ಲಿ ಬರೆಯುತ್ತಿದ್ದರು ಎಲ್ಲ ಕಾಣುತ್ತದೆ. ಮೇಜನ್ನೇ ಎತ್ತಿಕೊಂಡು ಬಂದ ಹಾಗೆ.

ನಾನು ಮಾಡುವ ಕೆಲಸವೂ ಇದೇ, ಸಣ್ಣ ಮಟ್ಟದಲ್ಲಿ. ಹಳೆಯ ಫ್ಲಾಪಿ ಓದಿ ಫೈಲ್ ತೆಗೆಯುವುದು. ಮೊದಲು ಡಿಸ್ಕಿಗೆ ನಮ್ಮಿಂದ ಏನೂ ಬರೆದುಹೋಗದ ಹಾಗೆ ತಡೆ ಹಾಕುತ್ತೇವೆ. ಇಲ್ಲದಿದ್ದರೆ ಸುಮ್ನೆ ತೆರೆದು ನೋಡಿದರೂ ಫೈಲಿನ ದಿನಾಂಕ ಬದಲಾಗಬಹುದು. ಹೋದ ತಿಂಗಳು ಒಂದು ಡಿಸ್ಕಿನಲ್ಲಿ ಒಂದೇ ಕಥೆಯ ಹನ್ನೊಂದು ಫೈಲ್ ಸಿಕ್ಕವು. ಒಂದರಲ್ಲೂ ಕಾಟಿಲ್ಲ, ಚಿತ್ತಿಲ್ಲ. ಎಲ್ಲ ನೀಟಾಗಿವೆ. ಹನ್ನೊಂದನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದಾಗ ಮಾತ್ರ, ಐದನೆಯದರಲ್ಲಿ ತಾಯಿಯ ಪಾತ್ರ ಪೂರ್ತಿ ಹೋಗಿ ಒಂಬತ್ತನೆಯದರಲ್ಲಿ ವಾಪಸ್ ಬಂದದ್ದು ಗೊತ್ತಾಯಿತು. ಎರಡರ ನಡುವೆ ನಾಲ್ಕು ತಿಂಗಳು. ಇಂಥದ್ದನ್ನು ಓದುವುದು ಹೇಗೆ ಅಂತ ಯಾವ ಸಾಹಿತ್ಯ ವಿಭಾಗದಲ್ಲಿ ಹೇಳಿಕೊಡುತ್ತಾರೆ? ಒಂದೇ ಫೈಲಿನ ಮೇಲೆ ಮತ್ತೆ ಮತ್ತೆ ಸೇವ್ ಮಾಡಿದ್ದರೆ ಅದೂ ಸಿಗುತ್ತಿರಲಿಲ್ಲ.

ಡಿಜಿಟಲ್ ಅಂದರೆ ಭದ್ರ ಅಂತಲೂ ನಂಬಬೇಡಿ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿ ಆಯಿತು. ಅವರ ಹಸ್ತಪ್ರತಿ ಚಿತ್ರಗಳು ತಿಂಗಳುಗಟ್ಟಲೆ ಯಾರಿಗೂ ಸಿಗಲಿಲ್ಲ. ಅದನ್ನೇ ನಂಬಿ ಪಾಠ ಯೋಜನೆ ಮಾಡಿದ್ದವರು ಕೈ ಕಟ್ಟಿ ಕೂರಬೇಕಾಯಿತು.

ಮೌನಪುಟ:

ನಾನು ಕೇಳಬೇಕಾದದ್ದು ಬೇರೆ. ಪೆಟ್ಟಿಗೆಯೇ ಇಲ್ಲದವರ ಗತಿ ಏನು?

ಕಾಗದ ಉಳಿಯಬೇಕಾದರೆ ಮನೆಯಲ್ಲಿ ಜಾಗ ಬೇಕು, ಉಳಿಸುವ ಮನಸ್ಸಿನವರು ಬೇಕು, ಇದು ಮುಖ್ಯ ಅಂತ ಯಾರಾದರೂ ಅಂದುಕೊಳ್ಳಬೇಕು. ಹೈಟಿ ಮೂಲದ ವಿದ್ವಾಂಸ ಮಿಶೆಲ್-ರೋಲ್ಫ್ ತ್ರುಯೋ 1995ರಲ್ಲಿ ಇದನ್ನು ಬಿಡಿಸಿ ಹೇಳಿದರು. ಮೌನ ಒಂದೇ ಕಡೆ ಹುಟ್ಟುವುದಿಲ್ಲ. ದಾಖಲೆ ಹುಟ್ಟುವಾಗ ಕೆಲವರು ಬಿಟ್ಟುಹೋಗುತ್ತಾರೆ. ಅದನ್ನು ಆರ್ಕೈವ್‌ನಲ್ಲಿ ಕೂಡಿಡುವಾಗ ಇನ್ನಷ್ಟು ಜನ. ಅದರಿಂದ ಕಥೆ ಕಟ್ಟುವಾಗ ಮತ್ತಷ್ಟು ಜನ.

ನನ್ನದೇ ಅನುಭವ. ಒಬ್ಬ ಕಾದಂಬರಿಕಾರರ ಸಂಗ್ರಹದಲ್ಲಿ "ಇತರೆ" ಅಂತ ಬರೆದ ಫೋಲ್ಡರ್ ಇತ್ತು. ಕೊನೆಯ ದಿನ, ಹೊರಡುವ ಮುಂಚೆ, ಸುಮ್ಮನೆ ತೆರೆದೆ. ಒಳಗಿದ್ದದ್ದು ಅವರ ಹೆಂಡತಿಯ ಚೀಟಿಗಳು. ಟೈಪ್ ಮಾಡುವಾಗ ಅವರು ಬರೆದಿಟ್ಟದ್ದು. "ಈ ಮಾತು ಅವಳು ಆಡುವುದಿಲ್ಲ" ಅಂತ ಒಂದರಲ್ಲಿ ಇತ್ತು. ಅಚ್ಚಾದ ಕಾದಂಬರಿಯಲ್ಲಿ ಆ ಪಾತ್ರ ಆ ಮಾತು ಆಡುವುದಿಲ್ಲ. ಪಟ್ಟಿಯಲ್ಲಿ ಹೆಂಡತಿಯ ಹೆಸರೇ ಇರಲಿಲ್ಲ. ಅವತ್ತಿನಿಂದ ನಾನು ಮೊದಲು ಕೇಳುವುದೇ "ಇತರೆ" ಫೋಲ್ಡರ್.

ಇದರ ಎದುರು ಬದಿಯೂ ಇದೆ. ಎಲ್ಲವನ್ನೂ ತೆರೆದಿಡಬೇಕಾ? ಲಾರ್ಕಿನ್ ಬಗ್ಗೆ ಮೇಲೆ ಬಂತು. ಹಸ್ತಪ್ರತಿ ಉಳಿಸಬೇಕು ಅಂದ ಅದೇ ಲಾರ್ಕಿನ್ ತನ್ನ ಡೈರಿಗಳನ್ನು ನಾಶ ಮಾಡಬೇಕು ಅಂದಿದ್ದರು. 1985ರಲ್ಲಿ ಅವರು ಹೋದ ಮೇಲೆ ಹಾಗೇ ಮಾಡಿದರು. ನಾನು ಅದನ್ನು ತಪ್ಪು ಅನ್ನಲಾರೆ. ಲೇಖಕರ ಪೆಟ್ಟಿಗೆಯಲ್ಲಿ ಬೇರೆಯವರ ಪತ್ರಗಳೂ ಇರುತ್ತವೆ. ಆ ಬೇರೆಯವರನ್ನು ಯಾರು ಕೇಳಿದ್ದರು? ಮೂವತ್ತು ಮಕ್ಕಳ ಮುಂದೆ ಒಂದು ಖಾಸಗಿ ಪತ್ರ ಓದುವ ಮುಂಚೆ ಮೇಷ್ಟ್ರು ಈ ಪ್ರಶ್ನೆಯನ್ನೂ ಮಕ್ಕಳ ಮುಂದೆ ಇಡಬೇಕು.

ಎರಡನೇಸೆಮಿಸ್ಟರ್:

"ಇತರೆ" ವಿಷಯ ಓದಿ ಮೈ ಜುಮ್ಮೆಂದಿತು. ಪಟ್ಟಿ ಬರೆಯುವವರು ಬೇರೆ ಪದ ಬಳಸಿದ್ದರೆ ಆ ಚೀಟಿಗಳು ಎಲ್ಲರಿಗೂ ಮೊದಲೇ ಸಿಗುತ್ತಿದ್ದವು ಅಲ್ವಾ?

ಹಳೇಕಾಗದ:

ಹೌದು. ಒಂದು ಪದ. ಆ ಪಟ್ಟಿ ಬರೆದವರಿಗೆ ಆ ದಿನ ಇನ್ನೂ ನಲವತ್ತು ಪೆಟ್ಟಿಗೆ ಬಾಕಿ ಇದ್ದಿರಬಹುದು. ಆದರೂ ಹೆಸರು ಬರೆಯಬೇಕಿತ್ತು. ನಮ್ಮಲ್ಲಿ ಹಳೆಯ ಪಟ್ಟಿಗಳನ್ನು ಮತ್ತೆ ಓದಿ, ಟೈಪಿಸ್ಟ್, ಅನುವಾದಕರು, ಹೆಂಡತಿಯರು, ಕಾರ್ಯದರ್ಶಿಗಳ ಹೆಸರು ಸೇರಿಸುವ ಕೆಲಸ ಶುರುವಾಗಿದೆ. ನಿಧಾನ ಆಗುತ್ತದೆ.

ಕರಡುಪ್ರತಿ:

ಎಲ್ಲರಿಗೂ ಧನ್ಯವಾದ. ಮೌನಪುಟ ಅವರ ಮಾತು ಓದಿದ ಮೇಲೆ ನನ್ನ ಮುಂದಿನ ಸೆಮಿಸ್ಟರಿನ ಯೋಜನೆ ಬದಲಾಯಿಸಿದ್ದೇನೆ.

ಇಷ್ಟು ದಿನ ಮಕ್ಕಳಿಂದ ಹಸ್ತಪ್ರತಿ ನೋಡಿಸಿ ಪ್ರಬಂಧ ಬರೆಸುತ್ತಿದ್ದೆ. ಇನ್ನು ಮೇಲೆ ಪ್ರಬಂಧಕ್ಕಿಂತ ಮೊದಲು ಪಟ್ಟಿ. ಒಬ್ಬೊಬ್ಬರಿಗೂ ಒಂದು ಹಾಳೆ. ಇದು ಏನು, ಯಾರ ಕೈಬರಹ, ಎಷ್ಟು ಕೈಗಳು ಕಾಣುತ್ತಿವೆ, ಯಾವುದು ಗೊತ್ತಿಲ್ಲ, ಎಲ್ಲವನ್ನೂ ಐದು ಸಾಲಿನಲ್ಲಿ ಬರೆಯಬೇಕು. ಒಂದೇ ಹಾಳೆಯನ್ನು ಇಬ್ಬರಿಗೆ, ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರಿಗೆ ಕೊಡುತ್ತೇನೆ. ಆಮೇಲೆ ಇಬ್ಬರ ಐದೈದು ಸಾಲನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಸುತ್ತೇನೆ. ನೋಡಿದ್ದು ಒಂದೇ, ಬರೆದದ್ದು ಬೇರೆ. ಯಾರ ಪದ ಇಟ್ಟುಕೊಳ್ಳಬೇಕು ಅಂತ ಅವರೇ ಕೂತು ಮಾತಾಡಲಿ.

ಹಳೇಕಾಗದ ಸರ್, ಮಕ್ಕಳು ಬರೆದ ಪಟ್ಟಿಯನ್ನು ನಿಮಗೆ ಕಳಿಸಿದರೆ ಒಮ್ಮೆ ನೋಡಿ ತಿದ್ದುತ್ತೀರಾ?

ಹಳೇಕಾಗದ:

ಖಂಡಿತ ಕಳಿಸಿ ಮೇಡಂ. ಪೆನ್ಸಿಲ್‌ನಲ್ಲಿ ತಿದ್ದುತ್ತೇನೆ, ಅವರು ಬರೆದದ್ದು ಅಳಿಸದ ಹಾಗೆ. ಒಂದು ಕೋರಿಕೆ ಇದೆ. ಐದು ಸಾಲಿನ ಕೆಳಗೆ ಬರೆದವರು ತಮ್ಮ ಹೆಸರು ಮತ್ತು ತಾರೀಕು ಹಾಕಲಿ.